ಶಾಂತಮಲ್ಲಪ್ಪನ ತುರಿಕೆ

ಮದ್ದೂರು, ಗುಂಡ್ಲುಪೇಟೆ ತಾಲ್ಲೂಕು
31 ಆಗಸ್ಟ್ 2025

ತಾತನಿಗೆ ನಿಮ್ಮ ಸಿಂಧು ಮಾಡುವ ಶರಣು.

ನಿನ್ನೆ ಫೋನಿನಲ್ಲಿ ನಾನು ಹೇಳಿದ್ದಕ್ಕೆಲ್ಲ ನೀವು "ಹೂಂ, ಸರಿ" ಅಂದಿರಿ. ಅಂದರೆ ನಿಮಗೆ ಒಂದಕ್ಷರವೂ ಕೇಳಿಸಿಲ್ಲ ಎಂದು ಅರ್ಥ. ಕಿವಿಗೆ ಮಿಷಿನ್ ಹಾಕಿಸಿಕೊಳ್ಳಿ ಅಂದರೆ ಅದು ಮುದುಕರಿಗೆ ಅನ್ನುತ್ತೀರಿ. ಎಪ್ಪತ್ತೆಂಟಕ್ಕೆ ನೀವು ಇಟ್ಟಿರುವ ಹೆಸರು ಏನೋ ನನಗೆ ಗೊತ್ತಿಲ್ಲ. ಇಲ್ಲಿಯೂ ಸಿಗ್ನಲ್ ಬರುವುದು ಕ್ವಾರ್ಟರ್ಸಿನ ಹಿಂದೆ ನೀರಿನ ಟ್ಯಾಂಕಿನ ಪಕ್ಕ ನಿಂತರೆ ಮಾತ್ರ, ಆ ಟ್ಯಾಂಕಿನ ಹತ್ತಿರ ಆನೆಗೂ ಕೆಲಸವಿರುತ್ತದೆ. ಆದ್ದರಿಂದ ಮುಖ್ಯವಾದದ್ದನ್ನೆಲ್ಲ ಕಾಗದದಲ್ಲೇ ಬರೆಯುತ್ತೇನೆ.

ಪಿ.ಜಿ. ಪರೀಕ್ಷೆಯ ಫಲಿತಾಂಶ ಬಂದಿದೆ. ರ‍್ಯಾಂಕ್ ಚೆನ್ನಾಗಿದೆ, ನಾನೇ ನಂಬದಷ್ಟು. ಈ ಕಾಡಂಚಿನ ಆಸ್ಪತ್ರೆಯಲ್ಲಿ ನನ್ನ ಒಂದು ವರ್ಷದ ಗ್ರಾಮೀಣ ಸೇವೆ ಮುಗಿಯುವ ಹೊತ್ತಿಗೆ ಎಂ.ಡಿ. ಸೀಟು ಸಿಗಬಹುದು. ಯಾವ ವಿಷಯ ಬೇಕೆಂದು ಒಂದರ ಕೆಳಗೊಂದು ಬರೆದು ಕಂಪ್ಯೂಟರಿಗೆ ಕೊಡಬೇಕು. ಮೊದಲ ಸಾಲಿನದು ಸಿಕ್ಕರೆ ಅದೇ ಖಾಯಂ, ಇಲ್ಲದಿದ್ದರೆ ಕೆಳಗಿನದು.

ತಾತ, ಮೊದಲ ಸಾಲಿನಲ್ಲಿ ಚರ್ಮರೋಗ ಎಂದು ಬರೆಯಬೇಕೆಂಬುದು ನನ್ನ ಆಸೆ. ನಾನು ಹೆರಿಗೆ ಡಾಕ್ಟರ್ ಆಗುತ್ತೇನೆಂದು ನೀವು ಊರಿಗೆಲ್ಲ ಹೇಳಿಕೊಂಡಿದ್ದೀರಿ, ಗೊತ್ತು. ಆದರೆ ನನಗೆ ಕೈ ಹಿಡಿದು ಅ ಆ ತಿದ್ದಿಸಿದವರು ನೀವು. ನಿಮ್ಮನ್ನು ಕೇಳದೆ ಆ ಸಾಲು ಬರೆಯಲು ಕೈ ಬರುವುದಿಲ್ಲ. "ಆಗಲಿ" ಎಂದು ಒಂದೇ ಒಂದು ಮಾತು ಬರೆದು ಹಾಕಿ.

ಅಜ್ಜಿಗೆ ಶರಣು ತಿಳಿಸಿ.

ನಿಮ್ಮ
ಸಿಂಧು


ಉಡಿಗಾಲ
8 ಸೆಪ್ಟೆಂಬರ್ 2025

ಚಿ. ಸಿಂಧುಗೆ ತಾತ ಕರಿಬಸವಯ್ಯನ ಆಶೀರ್ವಾದ.

"ಆಗಲಿ" ಅನ್ನುವುದಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟು ಆಮೇಲೆ ಕ್ಷೇಮ ಸಮಾಚಾರಕ್ಕೆ ಬರುತ್ತೇನೆ. ನಾವೆಲ್ಲ ಕ್ಷೇಮ.

ನಿನ್ನ ರ‍್ಯಾಂಕಿನ ಸುದ್ದಿ ಓದಿ ನಿನ್ನ ಅಜ್ಜಿ ಪುಟ್ಟಮಲ್ಲಮ್ಮ ದೇವರ ಮುಂದೆ ದೀಪ ಹಚ್ಚಿದಳು. ನಾನು ಹಾಲಿನ ಡೈರಿಗೆ ಹೋಗಿ ಸಿಹಿ ಹಂಚಿದೆ. ಮೊಮ್ಮಗಳು ಏನು ಓದುತ್ತಾಳೆ ಎಂದು ಒಬ್ಬರು ಕೇಳಿದರು. ಚರ್ಮದ್ದು ಓದುತ್ತಾಳಂತೆ ಎಂದರೆ ನಗುತ್ತಾರೆಂದು ನಾನೇ ಮೊದಲು ನಕ್ಕುಬಿಟ್ಟೆ. ಇಷ್ಟು ಒಳ್ಳೆಯ ರ‍್ಯಾಂಕ್ ತೆಗೆದು ಯಾರಾದರೂ ತುರಿಕೆ ನೋಡಲು ಹೋಗುತ್ತಾರೆಯೇ? ತುರಿಕೆ ಒಂದು ಕಾಯಿಲೆಯೇ? ಕೆರೆದುಕೊಂಡರೆ ಹೋಗುತ್ತದೆ. ತುರಿಕೆಯಿಂದ ಸತ್ತವರನ್ನು ನಾನಂತೂ ಉಡಿಗಾಲದಲ್ಲಿ ಕಂಡಿಲ್ಲ. ಇದನ್ನು ಡೈರಿಯಲ್ಲಿ ಎಲ್ಲರ ಮುಂದೆ ಹೇಳಿದೆ, ಎಲ್ಲರೂ ತಲೆಯಾಡಿಸಿದರು.

ನಿನ್ನ ಅಮ್ಮ ನಾಗರತ್ನ ಹುಟ್ಟಿದ್ದು ಚಾಮರಾಜನಗರದ ದಾರಿಯಲ್ಲಿ, ಎತ್ತಿನ ಗಾಡಿಯಲ್ಲಿ. ಆವತ್ತು ಮುಂದೆ ಮೂಕಿಯ ಮೇಲೆ ಕೂತು ಎತ್ತು ಹೊಡೆಯುತ್ತಿದ್ದವನು ನಾನು. ಹಿಂದೆ ನಿನ್ನ ಅಜ್ಜಿಯ ದನಿ ನಿಂತುಹೋದಾಗ ತಿರುಗಿ ನೋಡುವ ಧೈರ್ಯ ಬರಲಿಲ್ಲ. ನಮ್ಮ ಮನೆಯಲ್ಲಿ ಒಬ್ಬ ಹೆರಿಗೆ ಡಾಕ್ಟರ್ ಆಗಬೇಕೆಂದು ಆವತ್ತೇ ಅಂದುಕೊಂಡೆ. ಇದು ಹಟವಲ್ಲ, ಭಯ. ನಿನಗೆ ಅರ್ಥವಾದರೆ ಸಾಕು.

ಮೊದಲ ಸಾಲಿನಲ್ಲಿ ಹೆರಿಗೆ ಎಂದು ಬರಿ.

ಇಂತಿ ತಾತ


ಮದ್ದೂರು
17 ಸೆಪ್ಟೆಂಬರ್ 2025

ಪ್ರೀತಿಯ ತಾತನಿಗೆ,

ಗಾಡಿಯ ಕತೆಯನ್ನು ಅಜ್ಜಿ ನಗುತ್ತಾ ಹೇಳುತ್ತಿದ್ದರು. ಹೀಗೂ ಇತ್ತೆಂದು ನೀವು ಬರೆದ ಮೇಲೇ ತಿಳಿದಿದ್ದು. ಅದಕ್ಕೆ ಎದುರು ಮಾತಾಡುವುದಿಲ್ಲ. ಸೀಟು ಹಂಚುವುದು ನವೆಂಬರಿನಲ್ಲಿ, ಅಲ್ಲಿಯವರೆಗೆ ಯೋಚಿಸುತ್ತೇನೆ.

ಇಲ್ಲಿಯ ಒಂದು ಸಮಾಚಾರ ಮಾತ್ರ ಹೇಳುತ್ತೇನೆ. ಬೀರಯ್ಯ ಎಂಬ ಹಿರಿಯರು ಆಸ್ಪತ್ರೆಗೆ ಬಂದಿದ್ದರು. ಎದೆ ಮೇಲೆ, ಬೆನ್ನ ಮೇಲೆ ಬಿಳಿ ಮಚ್ಚೆ. ಕುಷ್ಠವೆಂದು ಯಾರೋ ಹೇಳಿ, ಮನೆಯವರು ಅವರಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟು ಜಗಲಿಯಲ್ಲಿ ಊಟ ಹಾಕುತ್ತಿದ್ದರು. ನೋಡಿದರೆ ಬರೀ ಚಿಬ್ಬು, ಹಚ್ಚಿಕೊಳ್ಳುವ ಮುಲಾಮಿಗೆ ಹೋಗುವಂಥದ್ದು. ಕುಷ್ಠವೇ ಆಗಿದ್ದರೂ ಮಾತ್ರೆಗೆ ವಾಸಿಯಾಗುತ್ತದೆ, ಬೇರೆ ತಟ್ಟೆ ಬೇಕಿಲ್ಲ ಎಂದು ಜೊತೆಗೆ ಬಂದಿದ್ದ ಸೊಸೆಗೆ ಹೇಳಿದೆ. ಆಕೆ ನಂಬಿದಂತೆ ಕಾಣಲಿಲ್ಲ. ನಮ್ಮ ಕುಮಾರಿ ಸಿಸ್ಟರ್ ತಾವು ತಂದಿದ್ದ ಪುಟ್ಟು ಎಂಬ ಅಕ್ಕಿಹಿಟ್ಟಿನ ತಿಂಡಿಯನ್ನು ಒಂದು ತಟ್ಟೆಗೆ ಹಾಕಿದರು. ನಾನು, ಸಿಸ್ಟರ್, ಬೀರಯ್ಯ ಮೂವರೂ ಅದೇ ತಟ್ಟೆಯಿಂದ ತಿಂದೆವು. ಸೊಸೆ ನೋಡುತ್ತಾ ನಿಂತಿದ್ದಳು. ಹೋದ ವಾರ ಬಂದ ಬೀರಯ್ಯ ಹೇಳಿದ್ದು ಇಷ್ಟೇ: "ಒಳಿಕ್ ಕರ್ದ್ರು ಕಣವ್ವ."

ತುರಿಕೆಯಿಂದ ಸತ್ತವರಿಲ್ಲ ಎಂದು ನೀವು ಬರೆದದ್ದು ನಿಜ.

ನಿಮ್ಮ
ಸಿಂಧು


ಉಡಿಗಾಲ
6 ಅಕ್ಟೋಬರ್ 2025

ಚಿ. ಸಿಂಧುಗೆ ಆಶೀರ್ವಾದ.

ಆಯುಧಪೂಜೆಗೆ ನಮ್ಮ ಚೆಂಡು ಹೂವಿಗೆ ಒಳ್ಳೆಯ ಬೆಲೆ ಬಂತು. ಈ ಸಲ ಆಳು ಸಿಗದೆ ನಾನೇ ಇಳಿದು ಕಿತ್ತೆ. ದೀಪಾವಳಿಗೆ ಇನ್ನೊಂದು ಸಲ ಕೀಳುವಷ್ಟು ಹೂವಿದೆ.

ಬೋರ್ಡ್ ಬರೆಯುವ ಚಂದ್ರಕುಮಾರ್‌ನನ್ನು ಕರೆಸಿ ಒಂದು ಬೋರ್ಡ್ ಬರೆಸಿದ್ದೇನೆ. "ಡಾ. ಸಿಂಧು, ಹೆರಿಗೆ ತಜ್ಞರು" ಎಂದು, ಹಳದಿ ಮೇಲೆ ಕೆಂಪಕ್ಷರ. ಸದ್ಯ ನಡುಮನೆಯಲ್ಲಿ ಗೋಡೆಗೆ ಒರಗಿಸಿದೆ. ಬಂದವರೆಲ್ಲ ಓದುತ್ತಾರೆ. ಬೀರಯ್ಯನ ವಿಚಾರ ನಿನ್ನ ಅಜ್ಜಿಗೆ ಓದಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಬೋರ್ಡಿನ ಕಡೆ ನೋಡಿದಳು, ನನ್ನ ಕಡೆ ನೋಡಲಿಲ್ಲ.

ಇನ್ನೊಂದು ವಿಚಾರ. ನಮ್ಮ ಹೂವಿನ ವ್ಯಾಪಾರದ ಶಾಂತಮಲ್ಲಪ್ಪ ಗೊತ್ತಲ್ಲ, ನನ್ನ ಜೊತೆ ಓದಿದವನು. ಪಾಪ, ಅವನಿಗೆ ಮೈ ಕಡಿತ. ಹೂವು ಮುಟ್ಟಿದ ಮಾರನೆಯ ದಿನದಿಂದ ಶುರುವಾಗಿದೆಯಂತೆ. ಸಂಕೋಚದ ಮನುಷ್ಯ, ತಾನಾಗಿ ಕೇಳುವವನಲ್ಲ. ನಿನಗೆ ಏನಾದರೂ ತಿಳಿದಿದ್ದರೆ ಬರಿ. ಅವಸರವೇನಿಲ್ಲ. ಬೇಗ ಬರೆದರೆ ಒಳ್ಳೆಯದು.

ಇಂತಿ ತಾತ


ಮದ್ದೂರು
12 ಅಕ್ಟೋಬರ್ 2025

ಪ್ರೀತಿಯ ತಾತನಿಗೆ,

ಶಾಂತಮಲ್ಲಪ್ಪ ತಾತನಿಗೆ ಕೆರೆದುಕೊಂಡರೆ ಹೋಗುತ್ತದೆ ಎಂದು ನೀವು ಹೇಳಲಿಲ್ಲವೇ?

ತಮಾಷೆಗೆ ಹೇಳಿದೆ. ಕೆರೆಯಬಾರದೆಂದು ಮೊದಲು ಹೇಳಿ. ಆಮೇಲೆ ಈ ಪ್ರಶ್ನೆಗಳಿಗೆ ಉತ್ತರ ಕೇಳಿ ಬರೆಯಿರಿ. ಎಲ್ಲೆಲ್ಲಿ ಕಡಿಯುತ್ತದೆ? ಬಿಸಿಲಿಗೆ ಹೋದರೆ ಹೆಚ್ಚಾಗುತ್ತದೆಯೇ? ಅಂಗಿಯ ಒಳಗಿನ ಮೈ ಹೇಗಿದೆ? ಹೊಲದ ಬದುವಿನಲ್ಲಿ ಕಾಂಗ್ರೆಸ್ ಗಿಡ ಇದೆಯೇ? ಚೆಂಡು ಹೂವಿನ ದೂಳು, ಆ ಗಿಡದ ದೂಳು, ಎರಡೂ ಕೆಲವರ ಮೈಗೆ ಆಗಿಬರುವುದಿಲ್ಲ. ಎಷ್ಟೋ ವರ್ಷ ಸುಮ್ಮನಿದ್ದು ಇದ್ದಕ್ಕಿದ್ದಂತೆ ಒಂದು ದಿನ ಶುರುವಾಗುತ್ತದೆ.

ಇಲ್ಲಿ ಮಂಚಮ್ಮ ಎಂಬ ಹೂ ಕೀಳುವ ಹೆಂಗಸಿಗೆ ಇದೇ ತೊಂದರೆ. ಎಲ್ಲೆಲ್ಲೋ ತೋರಿಸಿ ಸಾಕಾಗಿ, ಮೈ ಮೇಲೆ ದೇವರು ಮುನಿದಿದೆ ಎಂದು ನಂಬಿ ಕೂತಿದ್ದಳು. ಔಷಧಿ ಹಚ್ಚಿಸಿ ಹೂವಿನ ಕೆಲಸ ಬಿಡಿಸಿದೆ. ಹೋದ ವಾರ ಬಂದು, "ರಾತ್ರಿ ಮನಿಕಂಡೆ ಕಣಮ್ಮಿ, ಬೆಳಗಾದದ್ದೇ ತಿಳೀನಿಲ್ಲ" ಎಂದು ನನ್ನ ಕೆನ್ನೆ ಸವರಿ ಹೋದಳು. ಅದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ.

ಸಿಂಧು


ಉಡಿಗಾಲ
17 ಅಕ್ಟೋಬರ್ 2025

ಚಿ. ಸಿಂಧುಗೆ ಆಶೀರ್ವಾದ.

ಶಾಂತಮಲ್ಲಪ್ಪನನ್ನು ವಿಚಾರಿಸಿದೆ. ಕುತ್ತಿಗೆಯ ಸುತ್ತ, ಕಣ್ಣಿನ ರೆಪ್ಪೆ, ಮೊಣಕೈ ಮಡಿಸುವ ಜಾಗ, ಮುಂಗೈ. ಎಡಗಡೆ ಸ್ವಲ್ಪ ಹೆಚ್ಚು. ಬಿಸಿಲಿಗೆ ಹೋದರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಅಂಗಿಯೊಳಗಿನ ಮೈ ಚೊಕ್ಕವಾಗಿದೆ. ಬದುವಿನಲ್ಲಿ ಕಾಂಗ್ರೆಸ್ ಗಿಡ ಸೊಂಟದೆತ್ತರ ಬೆಳೆದಿದೆ. ಉರಿಗೆ ಬೆಳಗಿನ ಜಾವ ಎದ್ದು ಹಸುವಿನ ಮುಂದೆ ಕೂತಿರುತ್ತಾನಂತೆ. ಹಸು ಏನು ಅಂದುಕೊಳ್ಳುತ್ತದೋ ಎಂದು ನಾಚಿಕೆಯಂತೆ. ಇಷ್ಟನ್ನು ಅವನೇ ಹೇಳಿದ.

ಈಚೆಗೆ ನನಗೂ ದೇವರ ಕಡೆ ಮನಸ್ಸು ಹೆಚ್ಚಾಗಿದೆ. ಹಣೆಗೆ ಮೂರು ಬೆರಳು ಎಳೆದು ಬಿಡುತ್ತಿದ್ದವನು ಈಗ ಕುತ್ತಿಗೆ, ತೋಳು, ಮುಂಗೈಗೆಲ್ಲ ದಟ್ಟವಾಗಿ ವಿಭೂತಿ ಧರಿಸುತ್ತೇನೆ. ಹೆಚ್ಚಾಗಿ ಮನೆಯಲ್ಲೇ ಇರುತ್ತೇನೆ. ಡೈರಿಯಲ್ಲಿ ನನ್ನನ್ನು ಕಂಡರೆ ಈಗ ಎದ್ದು ನಿಲ್ಲುತ್ತಾರೆ. ಈ ವಯಸ್ಸಿಗೆ ಮನುಷ್ಯನಿಗೆ ಇನ್ನೇನು ಬೇಕು, ಒಂದೊಂದಾಗಿ ಬಿಡುತ್ತಾ ಬರಬೇಕು.

ಶಾಂತಮಲ್ಲಪ್ಪ ಹಬ್ಬ ಕಳೆದ ಮೇಲೆ ಹೂವು ಹೇರಿಕೊಂಡು ಕೇರಳದ ಕಡೆ ಹೋಗುತ್ತಾನೆ. ನಿನ್ನ ಅಜ್ಜಿ ಅವನ ಕೈಯಲ್ಲಿ ಕಜ್ಜಾಯ ಕಳಿಸುತ್ತಾಳಂತೆ. ಬೇಡ ಎಂದೆ. ಕೇಳಲಿಲ್ಲ. ಅವನು ಬಂದರೆ ಕಡಿತದ ವಿಚಾರ ಎತ್ತಬೇಡ, ಬಹಳ ಸಂಕೋಚದವನು.

ಇಂತಿ ತಾತ


ಮದ್ದೂರು
26 ಅಕ್ಟೋಬರ್ 2025

ಪ್ರೀತಿಯ ತಾತನಿಗೆ,

ನಿಮ್ಮ ಕಾಗದ ಓದಿ ನನ್ನ ಜೀವ ಅಲ್ಲಾಡಿಹೋಯಿತು. ಶಾಂತಮಲ್ಲಪ್ಪ ತಾತನ ಭಾಗವಲ್ಲ, ಕೆಳಗಿನದು. ನಾನು ಮಾತು ಕೇಳಲಿಲ್ಲ ಎಂಬ ಬೇಸರಕ್ಕೆ ನೀವು ಸಂಸಾರವನ್ನೇ ಬಿಡಲು ಹೊರಟಿದ್ದೀರಿ ಎಂದುಕೊಂಡೆ. ಊಟ ಸೇರಲಿಲ್ಲ. ಹೆರಿಗೆ ಎಂದೇ ಬರೆದು ಕೈ ತೊಳೆದುಕೊಳ್ಳೋಣ ಎಂದು ತೀರ್ಮಾನಿಸಿ, ಅಮ್ಮನಿಗೂ ಹೇಳಿಬಿಟ್ಟಿದ್ದೆ.

ಅಷ್ಟರಲ್ಲಿ ಹಬ್ಬದ ಮಾರನೆಯ ದಿನ ಶಾಂತಮಲ್ಲಪ್ಪ ತಾತ ಕಜ್ಜಾಯದ ಡಬ್ಬಿ ಹಿಡಿದು ಬಂದರು. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಕಾಡಿನ ರಸ್ತೆ ಮುಚ್ಚುವುದರೊಳಗೆ ಗಾಡಿ ದಾಟಬೇಕೆಂದು ಅವರಿಗೆ ಆತುರ. ನಾನು ಬಿಡಲಿಲ್ಲ. ಒಳಗೆ ಕೂರಿಸಿ, ಸಂಕೋಚ ಪಡಬೇಡಿ ಎಂದು ಅಂಗಿ ತೆಗೆಸಿ, ಕುತ್ತಿಗೆ, ರೆಪ್ಪೆ, ಮೊಣಕೈ, ಎಲ್ಲ ಟಾರ್ಚ್ ಹಾಕಿ ನೋಡಿದೆ. ಕುಮಾರಿ ಸಿಸ್ಟರ್ ಕೂಡ ನೋಡಿದರು. ಕೊನೆಗೆ ಶಾಂತಮಲ್ಲಪ್ಪ ತಾತ ಕೇಳಿದ್ದು: "ಯಾಕಮ್ಮಿ, ಕಜ್ಜಾಯ ತಂದೋರ್ನೆಲ್ಲ ಇಂಗೇ ಬಟ್ಟೆ ಬಿಚ್ಚುಸ್ತೀಯಾ?"

ಆಮೇಲೆ ನಿಮ್ಮ ವಿಭೂತಿಯ ಸುದ್ದಿ ಅವರ ಬಾಯಲ್ಲೂ ಕೇಳಿದೆ. ನೀವು ಮಠ ಸೇರುತ್ತೀರೇನೋ ಎಂದು ಅಜ್ಜಿ ಅಳುತ್ತಿದ್ದಾರಂತೆ. ವಿಭೂತಿ ಎಲ್ಲೆಲ್ಲಿ ಹಚ್ಚುತ್ತೀರಿ ಎಂದು ವಿಚಾರಿಸಿದೆ. ಕುತ್ತಿಗೆ, ರೆಪ್ಪೆಯ ಸುತ್ತ, ಮೊಣಕೈ, ಮುಂಗೈ ಎಂದರು. ಎಡಗಡೆ ಸ್ವಲ್ಪ ಹೆಚ್ಚು ಎಂದರು.

ಶಾಂತಮಲ್ಲಪ್ಪ ತಾತ ಆರೋಗ್ಯವಾಗಿದ್ದಾರೆ, ಚರ್ಮ ಮಗುವಿನದಿದ್ದ ಹಾಗಿದೆ. ಆದರೂ ಅವರ ತುರಿಕೆಗೆ ಎರಡು ಟ್ಯೂಬ್ ಮುಲಾಮು, ಒಂದಿಷ್ಟು ಮಾತ್ರೆ ಅವರ ಕೈಯಲ್ಲೇ ನಿಮಗೆ ಕಳಿಸಿದ್ದೇನೆ. ದಯವಿಟ್ಟು ಅವರಿಗೆ ತಲುಪಿಸಿ. ಅವರು ಹೂವಿನ ಹೊಲಕ್ಕೆ ಇಳಿಯಬಾರದು. ಬದುವಿನ ಗಿಡವನ್ನು ಬೇರೆಯವರಿಂದ ಕೀಳಿಸಬೇಕು. ಮುಲಾಮು ಹಚ್ಚಿದ ಜಾಗಕ್ಕೆ ಏನನ್ನೂ ಬಳಿಯಬಾರದು, ಎಷ್ಟು ಭಕ್ತಿ ಬಂದರೂ. ರೆಪ್ಪೆಗೆ ಚಿಕ್ಕ ಟ್ಯೂಬಿನದು ಮಾತ್ರ. ಇಷ್ಟಾಗಿಯೂ ಹೆಚ್ಚಾದರೆ ಅವರು ಚಾಮರಾಜನಗರಕ್ಕೆ ಹೋಗಿ ತೋರಿಸಲೇಬೇಕು, ಅಲ್ಲಿ ನನ್ನ ಅಮ್ಮ ನಾಗರತ್ನ ಕರೆದುಕೊಂಡು ಹೋಗುತ್ತಾರೆ.

ಎಷ್ಟೋ ದಿನದಿಂದ ನಿದ್ದೆಗೆಟ್ಟಿದ್ದಾರಲ್ಲ, ಅದರಿಂದ ನನಗೆ ಬಹಳ ಸಂಕಟವಾಗಿದೆ. ಅವರಿಗೆ ಹೇಳಿ.

ನಿಮ್ಮ
ಸಿಂಧು


ಉಡಿಗಾಲ
3 ನವೆಂಬರ್ 2025

ಚಿ. ಸಿಂಧುಗೆ ಆಶೀರ್ವಾದ.

ಮುಲಾಮು ತಲುಪಿತು. ತಲುಪಿಸಿದೆ.

ಅವನಿಗೆ ಬೆನ್ನ ಕಡೆ ಕುತ್ತಿಗೆಗೆ ಕೈ ಎಟುಕುವುದಿಲ್ಲ, ಹಚ್ಚಲು ಅವನ ಮನೆಯವಳೇ ಬೇಕಾಯಿತು. ಆಕೆ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಎರಡೂ ಒಟ್ಟಿಗೆ ಮಾಡಿದಳು. ಮಠ ಸೇರುವ ಮಾತು ನಿಂತಿದೆ.

ಇಂತಿ ತಾತ


ಮದ್ದೂರು
11 ನವೆಂಬರ್ 2025

ಪ್ರೀತಿಯ ತಾತನಿಗೆ,

ನಿಮ್ಮ ಕಾಗದ ಇಷ್ಟು ಚಿಕ್ಕದಾಗಿ ಬಂದದ್ದು ಇದೇ ಮೊದಲು. ಸೀಟಿನ ವಿಚಾರ ನೀವು ಎತ್ತಲಿಲ್ಲ, ಕೋಪವೋ ಏನೋ ತಿಳಿಯಲಿಲ್ಲ.

ಪಟ್ಟಿ ಕೊಡಲು ಇದೇ ಇಪ್ಪತ್ತು ಕಡೆಯ ದಿನ. ಒಮ್ಮೆ ಬೀಗ ಹಾಕಿದರೆ ಮತ್ತೆ ತಿದ್ದುವಂತಿಲ್ಲ. ಕೆಳಗಿನ ಸಾಲುಗಳನ್ನೆಲ್ಲ ತುಂಬಿದ್ದೇನೆ, ಮೊದಲನೆಯದು ಮಾತ್ರ ಖಾಲಿ ಇದೆ. ಗಾಡಿಯಲ್ಲಿ ಕೂತು ಹಿಂತಿರುಗಿ ನೋಡಲಾರದೆ ಹೋದ ಆ ಮನುಷ್ಯನನ್ನು ನೆನೆದರೆ ಒಂದು ಮನಸ್ಸು, ಬೆಳಗಿನ ಜಾವ ಹಸುವಿನ ಮುಂದೆ ಕೂತ ಮನುಷ್ಯನನ್ನು ನೆನೆದರೆ ಇನ್ನೊಂದು ಮನಸ್ಸು. ಇಬ್ಬರೂ ನನಗೆ ಬೇಕಾದವರೇ.

ಶಾಂತಮಲ್ಲಪ್ಪ ತಾತನನ್ನು ಒಂದು ಮಾತು ಕೇಳಿ ಬರೆಯಿರಿ. ತುರಿಕೆ ಒಂದು ಕಾಯಿಲೆಯೇ?

ನಿಮ್ಮ
ಸಿಂಧು


ಉಡಿಗಾಲ
19 ನವೆಂಬರ್ 2025

ಚಿ. ಸಿಂಧುಗೆ ಆಶೀರ್ವಾದ.

ನಿನ್ನ ಕಾಗದ ಬಂದು ಮೂರು ದಿನವಾಯಿತು. ದಿನಾ ಉತ್ತರ ಬರೆಯಲು ಕೂತೆ, ದಿನಾ ಎದ್ದೆ. ಮುಲಾಮಿನ ಗುಣ ಪೂರ್ತಿ ನೋಡದೆ ಬರೆಯುವುದು ಸರಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ಡೈರಿಯಲ್ಲಿ ಅಷ್ಟು ಜನರ ಮುಂದೆ ಆಡಿದ ಮಾತನ್ನು ನುಂಗುವುದು ಮುದುಕರಿಗೆ ಕಷ್ಟ. ಹೌದು, ಮುದುಕ ಎಂದೇ ಬರೆದಿದ್ದೇನೆ.

ಇವತ್ತು ಹಾಲು ಹಾಕಲು ಹೋದಾಗ ಒಬ್ಬ ಹುಡುಗ ಎದ್ದು ನಿಂತು ಜಾಗ ಬಿಟ್ಟ. ವಿಭೂತಿ ಇಲ್ಲದ ಬರೀ ಕುತ್ತಿಗೆ ನೋಡಿ ಮತ್ತೆ ಕೂತುಬಿಟ್ಟ. ಆಗ ಅಲ್ಲೇ ಹೇಳಿದೆ: "ತುರ್ಕೆ ಅನ್ನದು ಕಾಯ್ಲೆನೇ ಕಣ್ರಲಾ. ಸಾಯಕ್ಕೆ ಬುಡಲ್ಲ, ಬದ್ಕಕ್ಕೂ ಬುಡಲ್ಲ." ಎಲ್ಲರೂ ತಲೆಯಾಡಿಸಿದರು. ಆವತ್ತೂ ಆಡಿಸಿದ್ದರು. ಇವರ ತಲೆಯನ್ನು ನಂಬಿ ನಾನು ಇಷ್ಟು ದಿನ ನಿನ್ನನ್ನು ಕಾಡಿದೆನಲ್ಲ.

ನಿನ್ನ ಅಜ್ಜಿಯನ್ನು ಕೇಳಿದೆ. ಗಾಡಿಯಲ್ಲಿ ಹೆತ್ತವಳು ಅವಳು, ಅವಳ ಮಾತೇ ಮೇಲು. "ಎರ್ಗೆ ಡಾಕ್ಟ್ರು ಈಗ ಚಾಮ್ರಾಜ್ನಗರದ ತುಂಬ ಅವ್ರೆ. ನಿನ್ನ ಕಡ್ತಕ್ಕೆ ಅಂತ ಇರದು ಮೊಮ್ಮಗಳೊಬ್ಳೇ" ಎಂದಳು.

ಮೊದಲ ಸಾಲಿನಲ್ಲಿ ಚರ್ಮ ಎಂದು ಬರಿ. ಶಾಂತಮಲ್ಲಪ್ಪನ ಒಪ್ಪಿಗೆ ಇದೆ. ಈ ಕಾಗದ ನಾಳೆಯೊಳಗೆ ನಿನಗೆ ಮುಟ್ಟುವುದಿಲ್ಲ ಎಂದು ನನಗೆ ಗೊತ್ತು. ನಾಗರತ್ನನ ಕೈಯಲ್ಲಿ ನಿನಗೆ ಫೋನು ಮಾಡಿಸಿದೆ, ನೀನು ಸಿಗಲಿಲ್ಲವಂತೆ. ಆ ಟ್ಯಾಂಕಿನ ಹತ್ತಿರ ನಿಲ್ಲಬಾರದೇನಮ್ಮಿ. ನೀನು ಹೆರಿಗೆ ಎಂದು ಬರೆದುಬಿಟ್ಟಿದ್ದರೆ ಆ ತಪ್ಪು ನನ್ನದು, ನಿನ್ನದಲ್ಲ.

ಇಂತಿ ತಾತ


ಮದ್ದೂರು
20 ನವೆಂಬರ್ 2025

ತಾತನಿಗೆ ಶರಣು.

ನಿಮ್ಮ ಕಾಗದ ಇವತ್ತೂ ಬರಲಿಲ್ಲ. ಆನೆ ಟ್ಯಾಂಕಿನ ಹತ್ತಿರವೇ ಬೀಡುಬಿಟ್ಟಿದೆ, ಫೋನಿಗೂ ದಾರಿಯಿಲ್ಲ. ಪಟ್ಟಿ ತುಂಬಲೆಂದು ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದೆ. ಅಲ್ಲಿ ಇಳಿಯುವಷ್ಟರಲ್ಲಿ ಫೋನಿನ ಚಾರ್ಜೂ ಮುಗಿದಿತ್ತು, ಸೈಬರ್ ಅಂಗಡಿಯ ಕಂಪ್ಯೂಟರಿನಲ್ಲಿ ತುಂಬಿದೆ.

ಮೊದಲ ಸಾಲಿನಲ್ಲಿ ಚರ್ಮರೋಗ ಎಂದು ಬರೆದೆ, ತಾತ. ಬೀಗ ಹಾಕಿದೆ. ನಿಮ್ಮನ್ನು ಕೇಳದೆ ಕೈ ಬರುವುದಿಲ್ಲ ಎಂದಿದ್ದೆ, ಬಂತು. ಎರಡನೆಯ ಸಾಲಿನಲ್ಲಿ ಹೆರಿಗೆ ಇದೆ. ಆ ಗಾಡಿಯನ್ನು ನಾನು ಮರೆತಿಲ್ಲ. ಗುಂಡ್ಲುಪೇಟೆಯಿಂದ ಬರುವಾಗ ಭಯವಿತ್ತು, ಜೊತೆಗೆ ಹಗುರವೂ ಆಗಿತ್ತು. ಕೋಪ ಬಂದಿದ್ದರೆ ಎಷ್ಟು ಬೇಕಾದರೂ ಬೈದು ಬರೆಯಿರಿ, ಆದರೆ ಉದ್ದವಾಗಿ ಬರೆಯಿರಿ. ಶಾಂತಮಲ್ಲಪ್ಪ ತಾತನ ನಿದ್ದೆ ಹೇಗಿದೆ ಎಂದು ಅದರಲ್ಲೇ ತಿಳಿಸಿ.

ನಿಮ್ಮ
ಸಿಂಧು


ಉಡಿಗಾಲ
8 ಡಿಸೆಂಬರ್ 2025

ಚಿ. ಡಾಕ್ಟ್ರಮ್ಮ ಸಿಂಧುಗೆ ಆಶೀರ್ವಾದ.

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿಕೊಂಡು ಹೋಗಿವೆ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಎದುರಾಗಿ ನಕ್ಕಿರಬೇಕು. ನಾನು ಹೇಳುವ ಮೊದಲೇ ನೀನು ಬರೆದದ್ದಕ್ಕೆ ಸ್ವಲ್ಪ ಕೋಪ ಬಂತು. ಊಟದ ಹೊತ್ತಿಗೆ ಹೋಯಿತು. ನನ್ನನ್ನು ಕೇಳಿಯೇ ಬರೆದಿದ್ದರೆ ಅದು ನನ್ನ ಸಾಲಾಗುತ್ತಿತ್ತು. ಈಗ ಅದು ನಿನ್ನದು.

ಮೈಸೂರಿನಲ್ಲಿ ಚರ್ಮದ ಸೀಟು ಸಿಕ್ಕಿತೆಂದು ನಿನ್ನೆ ನಾಗರತ್ನ ಬಂದು ನನ್ನ ಕಿವಿಯ ಹತ್ತಿರ ಕೂಗಿ ಹೇಳಿದಳು. ಈ ಸಲ ಪೂರ್ತಿ ಕೇಳಿಸಿತು. ನಿನ್ನ ಅಜ್ಜಿ ಮತ್ತೆ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿದ್ದಾಳೆ. ಶಾಂತಮಲ್ಲಪ್ಪನ ಕೈಯಲ್ಲಿ ಕಳಿಸೋಣವೆಂದರೆ ಅವನು ಒಪ್ಪುತ್ತಿಲ್ಲ, ನಿನ್ನ ಆಸ್ಪತ್ರೆಗೆ ಮತ್ತೆ ಕಾಲಿಡುವುದಿಲ್ಲವಂತೆ. ನಾನೇ ತರುತ್ತೇನೆ.

ಚೆಂಡು ಹೂವಿನ ಹೊಲವನ್ನು ಬಿಟ್ಟು ಅಲ್ಲಿ ಅರಿಸಿನ ಹಾಕುವುದೆಂದಾಯಿತು. ಚಂದ್ರಕುಮಾರ್ ಬಂದು ಬೋರ್ಡಿನಲ್ಲಿ "ಹೆರಿಗೆ" ಎಂಬುದನ್ನು ಅಳಿಸಿ "ಚರ್ಮರೋಗ" ಎಂದು ಬರೆದ. ಜಾಗ ಸಾಲದೆ ಅಕ್ಷರ ಸ್ವಲ್ಪ ಒತ್ತಾಗಿವೆ, ಬೆಳಕಿಗೆ ಹಿಡಿದರೆ ಹಳೆಯ ಅಕ್ಷರವೂ ಕಾಣುತ್ತದೆ. ಹೊಸ ಹಲಗೆ ತರುತ್ತೇನೆಂದ. ಬೇಡವೆಂದೆ. ಇದೇ ಇರಲಿ, ಮೂರು ವರ್ಷ ನಡುಮನೆಯಲ್ಲೇ ಕಾಯಲಿ.

ಆ ಬೋರ್ಡನ್ನು ಹೊರಗೆ ಹಾಕಿದ ದಿನ ಮೊದಲನೆಯ ಚೀಟಿ ನನಗೇ ಕೊಡಬೇಕು. ಕಡಿತ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಬಂದು ಸಾಲಿನ ಮುಂದೆ ಕೂರುತ್ತೇನೆ. ಹೆಸರು ಬರೆದುಕೊಳ್ಳುವಾಗ ಮಾತ್ರ ಶಾಂತಮಲ್ಲಪ್ಪ ಎಂದು ಬರೆಯಬೇಡ. ಕರಿಬಸವಯ್ಯ ಎಂದೇ ಬರಿ.

ಇಂತಿ ನಿನ್ನ ತಾತ
ಕರಿಬಸವಯ್ಯ